ಐಸಿಯು ಬಾಗಿಲಲ್ಲಿ ಮೊದಲು ಮಾತು, ಆಮೇಲೆ ರಕ್ತದ ಚೀಟಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ನಮ್ಮ ಭಾಗದ ರಕ್ತನಿಧಿ ಕೇಂದ್ರಗಳಲ್ಲಿ ದಾಸ್ತಾನು ಕುಸಿದಿರುವ ಸುದ್ದಿ ಪತ್ರಿಕೆಗಳಲ್ಲಿ ಬರುವುದು ವಾಡಿಕೆ. ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ, ಮೇಲೆ 40 ಡಿಗ್ರಿ ದಾಟುವ ಬಿಸಿಲು, ಕಾರಣಗಳೆಲ್ಲ ನಿಜವೇ. ಆದರೆ ಹನ್ನೆರಡು ತಿಂಗಳೂ ರಕ್ತದ ಮಾತು ನಡೆಯುವ ಒಂದು ಜಾಗದ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಅದು ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ, ಹೊರಗಿನ ಪಡಸಾಲೆ. ಬಹುಕಾಲ ಐಸಿಯುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ಶುಶ್ರೂಷಾಧಿಕಾರಿಯಾಗಿ ನಾನು ಹೇಳಬೇಕೆಂದಿರುವುದು ಇಷ್ಟು: ರೋಗಿಯ ಸ್ಥಿತಿಯನ್ನು ಮನೆಯವರಿಗೆ ತಿಳಿಸಿ ಹೇಳುವ ಹೊಣೆಯನ್ನೂ ರಕ್ತದಾನಕ್ಕೆ ಅವರ ಮನಸ್ಸು ಒಲಿಸುವ ಹೊಣೆಯನ್ನೂ ನರ್ಸ್‌ಗಳಿಗೆ ಅಧಿಕೃತವಾಗಿ ವಹಿಸಿ, ಅದಕ್ಕೆ ಬೇಕಾದ ವೇಳೆಯನ್ನು ಕೊಡಬೇಕು, ಹಾಗೆಯೇ ಈ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ಈಗಿನ ರೂಢಿ ನಿಲ್ಲಬೇಕು.

ಈಗ ನಡೆಯುವುದು ಹೀಗೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದ ಹೆಣ್ಣುಮಗಳೊಬ್ಬಳನ್ನು ಚಿಂಚೋಳಿ ಕಡೆಯ ತಾಂಡಾದಿಂದಲೋ ಶಹಾಪುರ, ಸುರಪುರದ ಕಡೆಯಿಂದಲೋ ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ತರುತ್ತಾರೆ. ಅವಳು ಒಳಗೆ ಹೋದೊಡನೆ ಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಬಾಗಿಲು ಗೇಣಗಲ ತೆರೆದು ಒಂದು ಕೈ ಹೊರಗೆ ಬರುತ್ತದೆ. ಆ ಕೈಯಲ್ಲಿ ಒಂದು ಚೀಟಿ ಮತ್ತು ಕ್ರಾಸ್ ಮ್ಯಾಚ್‌ಗೆಂದು, ಅಂದರೆ ದಾನಿಯ ರಕ್ತ ರೋಗಿಯದಕ್ಕೆ ಹೊಂದುತ್ತದೆಯೇ ಎಂದು ನೋಡಲು, ತೆಗೆದ ರಕ್ತದ ಪುಟ್ಟ ಟ್ಯೂಬ್. “ಎರಡು ಬಾಟ್ಲಿ ರಕ್ತ ಬೇಕ್ರಿ, ಲಗೂನ ಬ್ಲಡ್ ಬ್ಯಾಂಕಿಗೆ ಹೋಗ್ರಿ, ಕೊಡೋರು ಯಾರರ ಇದ್ರ ಕರ್ಕೊಂಡು ಹೋಗ್ರಿ.” ಆ ಮನೆಯವರು ಆಸ್ಪತ್ರೆಯ ಬಾಯಿಂದ ಕೇಳುವ ಮೊದಲ ಮಾತೇ ಅದು. ಮಗಳಿಗೆ ಪ್ರಜ್ಞೆ ಇದೆಯೋ ಇಲ್ಲವೋ, ರಕ್ತ ಹೋಗುವುದು ನಿಂತಿದೆಯೋ ಇಲ್ಲವೋ ಎಂಬುದನ್ನು ಇನ್ನೂ ಯಾರೂ ಹೇಳಿರುವುದಿಲ್ಲ. ಹಾಗಾಗಿ ಅವರು ಚೀಟಿಯಿಂದಲೇ ಅರ್ಥ ಮಾಡಿಕೊಳ್ಳುತ್ತಾರೆ: ಒಂದೋ ಇವಳು ಉಳಿಯುವುದಿಲ್ಲ, ಇಲ್ಲವೇ ಇವರು ರಕ್ತದ ವ್ಯಾಪಾರಕ್ಕೆ ಇಳಿದಿದ್ದಾರೆ. ಒಳಗೆ ಬಿಪಿ ಇಳಿಯುತ್ತಿರುವಾಗ ಹೊರಗೆ ನಿಂತು ವಿವರಿಸಲು ಆ ನರ್ಸ್‌ಗೆ ಪುರಸೊತ್ತಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾನು ದೂರುತ್ತಿರುವುದು ಅವಳನ್ನಲ್ಲ. ಆದರೆ ಹೆದರಿಕೆಯಲ್ಲಿ, ಅನುಮಾನದಲ್ಲಿ ಒಮ್ಮೆ ರಕ್ತ ಕೊಟ್ಟವನು ಮತ್ತೆ ತಾನಾಗಿ ರಕ್ತನಿಧಿಯ ಮೆಟ್ಟಿಲು ಹತ್ತುವುದು ಬಹಳ ಅಪರೂಪ.

ಆ ಪಡಸಾಲೆಯಲ್ಲಿ ಕುಳಿತಿರುವವರು ಯಾರು ಎಂಬುದನ್ನೂ ನೋಡಬೇಕು. ನಮ್ಮ ಹಳ್ಳಿ, ತಾಂಡಾಗಳ ದುಡಿಯುವ ವಯಸ್ಸಿನ ಗಂಡಸರು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗಿರುತ್ತಾರೆ. ರೋಗಿಯ ಜತೆ ಬಂದವರು ವಯಸ್ಸಾದ ಅಪ್ಪ, ಅವ್ವ, ಅತ್ತೆ, ಮೈದುನನ ಹೆಂಡತಿ. ನಿಯಮದ ಪ್ರಕಾರ ದಾನಿಗೆ 18ರಿಂದ 65 ವರ್ಷದೊಳಗಿನ ವಯಸ್ಸು, ಕನಿಷ್ಠ 45 ಕಿಲೊ ತೂಕ ಮತ್ತು ಡೆಸಿಲೀಟರ್‌ಗೆ 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ರಕ್ತಹೀನತೆ ಮನೆಮನೆಯಲ್ಲೂ ಇರುವ ಈ ಭಾಗದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಈ ಕೊನೆಯ ಅಳತೆಯನ್ನು ದಾಟುತ್ತಾರೆ? ರಕ್ತನಿಧಿಯಲ್ಲಿ ಬೆರಳು ಚುಚ್ಚಿಸಿಕೊಂಡು, “ನಿನ್ನ ಮೈಯಾಗೇ ರಕ್ತ ಇಲ್ಲವ್ವ” ಅನ್ನಿಸಿಕೊಂಡು ಮರಳುವ ಅತ್ತೆಯ ಮುಖವನ್ನು ನೋಡಿದವರು, ದಾನಿ ತರುವ ಹೊರೆಯನ್ನು ಇಂಥ ಮನೆಯ ಮೇಲೆ ಹೇರುವುದಿಲ್ಲ. ಆಸ್ಪತ್ರೆಯ ಹೊರಗಿನ ಚಹಾದಂಗಡಿಯಲ್ಲಿ “ಜನ ಅದಾರ, ರೊಕ್ಕ ಕೊಟ್ರ ಬರ್ತಾರ” ಎನ್ನುವ ದಲ್ಲಾಳಿಗೆ ಗಿರಾಕಿ ಸಿಗುವುದು ಇಂಥ ಗಳಿಗೆಯಲ್ಲಿಯೇ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಪರಿಣಾಮವಾಗಿ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ದೇಶದಲ್ಲಿ ನಿಷಿದ್ಧವಾಗಿದೆ ಎಂಬುದು ರೋಗಿಯ ಜತೆ ಬಂದ ಆ ವಯಸ್ಸಾದ ಅಪ್ಪನಿಗೆ ತಿಳಿದಿರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಆಳವಾದದ್ದು. ತಾವು ಕೊಟ್ಟ ರಕ್ತವೇ ತಮ್ಮ ರೋಗಿಗೆ ಹೋಗುತ್ತದೆಂದು ಮನೆಯವರು ನಂಬಿರುತ್ತಾರೆ. ಹೋಗದಿದ್ದರೆ ಮೋಸವಾಯಿತೆಂದು ಜಗಳಕ್ಕೆ ಬರುತ್ತಾರೆ. ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಿ, ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ ದಾಸ್ತಾನಿಗೆ ಸೇರಿಸಬೇಕಾಗುತ್ತದೆ. ಅಷ್ಟೇ ಅಲ್ಲ, ಅಪ್ಪ, ಮಗ, ಒಡಹುಟ್ಟಿದವರಂಥ ಹತ್ತಿರದ ಸಂಬಂಧಿಯ ರಕ್ತವನ್ನು ವಿಕಿರಣಕ್ಕೆ ಒಡ್ಡದೆ ನೇರವಾಗಿ ಕೊಟ್ಟರೆ, ದಾನಿಯ ಬಿಳಿ ಕಣಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ ಅಪರೂಪದ, ಆದರೆ ಬಹುತೇಕ ಪ್ರಾಣಾಂತಿಕವಾದ ತೊಂದರೆ ಉಂಟಾಗುವ ಸಂಭವ ಹೆಚ್ಚು. ರಕ್ತಸಂಬಂಧಿಯ ರಕ್ತವೇ ಶ್ರೇಷ್ಠವೆಂಬ ನಮ್ಮ ಜನರ ಭಾವನೆಗೆ ವಿಜ್ಞಾನ ಹೇಳುವುದು ಹೀಗೆ ವಿರುದ್ಧವಾಗಿದೆ. ರೋಗಿಗೆ ಕೊಡುವ ರಕ್ತಕ್ಕೆ ಬದಲಾಗಿ ಮನೆಯವರಿಂದ ರಕ್ತ ಪಡೆಯುವ ಬದಲಿ ದಾನಿಯ ಪದ್ಧತಿಯನ್ನು ಕ್ರಮೇಣ ಕೈಬಿಟ್ಟು ಸ್ವಯಂಪ್ರೇರಿತ ದಾನವನ್ನೇ ಆಧಾರವಾಗಿಸಬೇಕೆಂಬುದು 2002ರ ರಾಷ್ಟ್ರೀಯ ರಕ್ತ ನೀತಿಯ ಗುರಿ. ಆದರೂ “ಒಂದು ಕೊಟ್ಟು ಒಂದು ಒಯ್ಯಿರಿ” ಎಂಬ ಮಾತು ಕೌಂಟರ್‌ಗಳಲ್ಲಿ ಇನ್ನೂ ನಿಂತಿಲ್ಲ.

ಹಾಗಾದರೆ ನರ್ಸ್ ಏನು ಮಾಡಬಲ್ಲಳು? ಮೊದಲನೆಯದಾಗಿ, ಮಾತನಾಡಬಲ್ಲಳು. ಐಸಿಯು ರೋಗಿಯ ಮನೆಯವರಿಗೆ ಬೇಕಾದದ್ದೇನು ಎಂಬುದನ್ನು 1979ರಲ್ಲಿಯೇ ಅಮೆರಿಕದ ನರ್ಸ್ ನ್ಯಾನ್ಸಿ ಮೋಲ್ಟರ್ ಮನೆಯವರನ್ನೇ ಕೇಳಿ ದಾಖಲಿಸಿದ್ದರು. ಆ ಪಟ್ಟಿಯಲ್ಲಿ ಎಲ್ಲಕ್ಕೂ ಮೇಲೆ ಇದ್ದದ್ದು ಭರವಸೆ ಇದೆ ಎಂಬ ಅನಿಸಿಕೆ. ಸುಳ್ಳು ಧೈರ್ಯದಿಂದ ಅದು ಹುಟ್ಟುವುದಿಲ್ಲ. ರೋಗ ಯಾವುದು, ಮುಂದೇನಾಗಬಹುದು ಎಂಬುದನ್ನು ವೈದ್ಯರೇ ಹೇಳಬೇಕು, ನರ್ಸ್ ಅದಕ್ಕೆ ಕೈಹಾಕಬಾರದು. ಆದರೆ ವೈದ್ಯರು ರೌಂಡ್ಸ್ ಮುಗಿಸಿ ಹೋದ ಮೇಲೆ, “ರಾತ್ರಿ ಕಣ್ಣು ತೆರೆದಿದ್ದಳು, ಹೆಸರು ಹಿಡಿದು ಕರೆದರೆ ಕೈ ಅಲುಗಿಸುತ್ತಾಳೆ, ಬಾಯಲ್ಲಿ ನಳಿಕೆ ಇರುವುದರಿಂದ ಮಾತು ಬರುವುದಿಲ್ಲ, ಮೂತ್ರ ಸರಿಯಾಗಿ ಹೋಗುತ್ತಿದೆ” ಎಂದು ಹೇಳಬಲ್ಲವಳು ಹಾಸಿಗೆಯ ಪಕ್ಕ ಎಂಟು ತಾಸು ನಿಂತ ನರ್ಸ್ ಮಾತ್ರ. ಇದನ್ನು ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ಕುರ್ಚಿಯ ಮೇಲೆ ಕುಳಿತು, ಮನೆಯವರೇ ಆರಿಸಿದ ಒಬ್ಬಿಬ್ಬರಿಗೆ ಹೇಳಿದರೆ ಬಾಗಿಲು ಬಡಿಯುವ ಗದ್ದಲ ಎಷ್ಟೋ ತಗ್ಗುತ್ತದೆ. ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಆಳಂದದ ಕಡೆಯವರು ಮರಾಠಿ, ಸೇಡಂ, ಗುರುಮಠಕಲ್ ಕಡೆಯವರು ತೆಲುಗು, ನಗರದ ಎಷ್ಟೋ ಮನೆಯವರು ದಖನಿ, ತಾಂಡಾದವರು ಲಂಬಾಣಿ ಆಡುತ್ತಾರೆ. ಯಾವ ಪಾಳಿಯಲ್ಲಿ ಯಾವ ಭಾಷೆ ಬಲ್ಲ ಸಿಸ್ಟರ್ ಇದ್ದಾರೆಂದು ಡ್ಯೂಟಿ ಪಟ್ಟಿಯಲ್ಲಿ ಬರೆದಿಡಲು ಒಂದು ಪೈಸೆಯೂ ಖರ್ಚಿಲ್ಲ.

ರಕ್ತದ ವಿಷಯದಲ್ಲಂತೂ ಈ ಮಾತುಕತೆ ತೀರಾ ಅಗತ್ಯ. ಹಿಮೋಗ್ಲೋಬಿನ್ 8 ಇದ್ದರೂ ರಕ್ತ ಏರಿಸುತ್ತಿಲ್ಲ, ಬಡವರೆಂದು ಕೈಬಿಟ್ಟಿದ್ದಾರೆ ಎಂದು ಅಳುವವರಿರುತ್ತಾರೆ. ರಕ್ತಸ್ರಾವವಿಲ್ಲದ, ಸ್ಥಿರವಾಗಿರುವ ಹೆಚ್ಚಿನ ಐಸಿಯು ರೋಗಿಗಳಿಗೆ 7ರ ಕೆಳಗಿಳಿದಾಗಲೇ ರಕ್ತ ಕೊಡುವುದು ಇಂದಿನ ವೈದ್ಯಕೀಯ ಪದ್ಧತಿ ಎಂದು ಅವರಿಗೆ ಯಾರಾದರೂ ಹೇಳಬೇಕಲ್ಲವೇ?

ಇನ್ನು ದಾನದ ಪ್ರೇರಣೆ. ಇದಕ್ಕೆ ಭಾಷಣ, ಭಿತ್ತಿಚಿತ್ರಗಳಿಗಿಂತ ಪರಿಣಾಮಕಾರಿಯಾದ ಒಂದು ಗಳಿಗೆ ಐಸಿಯುವಿನೊಳಗೇ ಇದೆ. ರಕ್ತದ ಚೀಲ ಬಂದಾಗ ಇಬ್ಬರು ಸಿಬ್ಬಂದಿ ಹಾಸಿಗೆಯ ಪಕ್ಕ ನಿಂತು ರೋಗಿಯ ಕೈಪಟ್ಟಿಯ ಹೆಸರು, ನೋಂದಣಿ ಸಂಖ್ಯೆ, ಗುಂಪು, ಚೀಲದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವನ್ನು ಒಬ್ಬರು ಓದಿ ಒಬ್ಬರು ತಾಳೆ ನೋಡುತ್ತಾರೆ. ಮೊದಲ 15 ನಿಮಿಷ ಹನಿಗಳನ್ನು ನಿಧಾನವಾಗಿ ಬಿಟ್ಟು, ಚಳಿ, ತುರಿಕೆ, ಉಸಿರಿನ ತೊಂದರೆ ಕಾಣಿಸುತ್ತದೆಯೇ ಎಂದು ನರ್ಸ್ ಅಲ್ಲಿಂದ ಕದಲದೆ ಗಮನಿಸುತ್ತಾಳೆ. ಇಡೀ ಚೀಲ ನಾಲ್ಕು ತಾಸಿನೊಳಗೆ ಮುಗಿಯಬೇಕು. ತುರ್ತಿಲ್ಲದ ಸಂದರ್ಭದಲ್ಲಿ ಆ 15 ನಿಮಿಷ ಮನೆಯವರಲ್ಲಿ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಚೀಲದ ಮೇಲೆ ದಾನಿಯ ಹೆಸರಿರುವುದಿಲ್ಲ, ಬರೀ ಸಂಖ್ಯೆ. “ಇದು ಯಾರದ್ರಿ ಸಿಸ್ಟರ್?” ಎಂದು ಹೆಚ್ಚಿನವರು ಕೇಳಿಯೇ ಕೇಳುತ್ತಾರೆ. “ಗೊತ್ತಿಲ್ಲ, ಯಾರೋ ಕೊಟ್ಟಾರ” ಎಂಬ ಉತ್ತರ ಅವರೊಳಗೆ ಮಾಡುವ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೂ ಅವರನ್ನು ದಾನ ಕೇಳುವ ಹೊತ್ತು ಅದಲ್ಲ. ಒಳಗೆ ರೋಗಿ ಇರುವಾಗ ಕೇಳಿದರೆ, ಎಷ್ಟೇ ಮೆತ್ತಗೆ ಕೇಳಿದರೂ, ಇಲ್ಲವೆಂದರೆ ಚಿಕಿತ್ಸೆಗೆ ತೊಂದರೆಯಾದೀತೆಂಬ ಭಯದಿಂದಲೇ ಅವರು ತಲೆಯಾಡಿಸುತ್ತಾರೆ. ರೋಗಿ ವಾರ್ಡಿಗೆ ಹೋದ ಮೇಲೆ, ಬಿಡುಗಡೆಯ ಕಾಗದ ಕೈಗೆ ಕೊಡುವಾಗ ಕೇಳಲಿ. ಗುಳೆ ಹೋದ ಅಣ್ಣ, ತಮ್ಮ ಓಡಿ ಬಂದಿರುವುದೂ ಅಷ್ಟರಲ್ಲಿಯೇ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಕಳೆದ ದ್ರವಾಂಶ ಒಂದೆರಡು ದಿನದಲ್ಲಿ ಕೂಡಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಗೌಂಡಿ, ಹಮಾಲಿಯಂಥ ಕೆಲಸದವರಿಗೆ ಆ ದಿನ ಭಾರ ಎತ್ತಬಾರದೆಂದೂ, ಅಂದರೆ ಒಂದು ದಿನದ ಕೂಲಿ ಹೋಗುತ್ತದೆಂದೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಏನೂ ಆಗುವುದಿಲ್ಲ ಎಂದು ಹೇಳಿ ಕಳಿಸಿದವನು ಮರುದಿನ ತಲೆ ತಿರುಗಿ ಕುಳಿತರೆ ಇಡೀ ಓಣಿಗೆ ಸುದ್ದಿಯಾಗುತ್ತದೆ. ಒಪ್ಪಿದವರ ಫೋನ್ ಸಂಖ್ಯೆ ಬರೆದುಕೊಂಡು, ಮುಂದಿನ ಬೇಸಿಗೆಯಲ್ಲಿ ರಕ್ತನಿಧಿಯಿಂದ ಒಂದು ಕರೆ ಹೋಗಲಿ. ಕೆಂಪು ಕಣಗಳು ಬಳಸುವ ದ್ರಾವಣಕ್ಕೆ ಅನುಗುಣವಾಗಿ 35ರಿಂದ 42 ದಿನ, ಪ್ಲೇಟ್‌ಲೆಟ್ ಕೇವಲ 5 ದಿನ ಬಾಳುವುದರಿಂದ, ಜೂನ್ 14ರ ವಿಶ್ವ ರಕ್ತದಾನಿಗಳ ದಿನದಂದು ಹಾರ, ಫೋಟೊಗಳ ನಡುವೆ ರಾಶಿ ಸಂಗ್ರಹಿಸಿದ ರಕ್ತ ಆಗಸ್ಟ್‌ಗೆ ಒದಗುವುದಿಲ್ಲ. ರೋಗಿ ತೀರಿಕೊಂಡ ಮನೆಯವರನ್ನು ಮಾತ್ರ ಕೇಳಲೇಬಾರದು. ಅವರಾಗಿ ಬಂದರೆ ಅದು ಬೇರೆ ಮಾತು.

ಇಷ್ಟೆಲ್ಲ ಬರೆದರೂ, ನರ್ಸ್‌ಗಳ ಸಂಖ್ಯೆ ಹೆಚ್ಚದೆ ಇದು ಗೋಡೆಗೆ ಅಂಟಿಸಿದ ಸುತ್ತೋಲೆಯಾಗಿ ಉಳಿಯುತ್ತದೆ. ವೆಂಟಿಲೇಟರ್ ಮೇಲಿನ ಒಬ್ಬ ರೋಗಿಗೆ ಪಾಳಿಗೊಬ್ಬ ನರ್ಸ್ ಇರಬೇಕೆಂಬುದು ಒಪ್ಪಿತ ಮಾನದಂಡ. ಮೂವರನ್ನು ಒಬ್ಬಳೇ ನೋಡಿಕೊಳ್ಳುವ ಕಡೆ ಮನೆಯವರೊಂದಿಗೆ ಕುಳಿತು ಮಾತಾಡು ಎನ್ನುವುದು ಅನ್ಯಾಯ. ಜಿಮ್ಸ್, ಜಯದೇವ, ಇಎಸ್‌ಐಸಿಯಂಥ ದೊಡ್ಡ ಆಸ್ಪತ್ರೆಗಳಿರುವ ಕಲಬುರಗಿಗೆ ಸುತ್ತಲಿನ ಜಿಲ್ಲೆಗಳ ರೋಗಿಗಳು ಬರುತ್ತಲೇ ಇರುತ್ತಾರೆ. ಬೀದರ್, ಯಾದಗಿರಿಗಳಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಪ್ರತಿ ಐಸಿಯುವಿಗೆ ಹಗಲು ಪಾಳಿಯಲ್ಲಿ ಮನೆಯವರ ಸಲುವಾಗಿಯೇ ಒಬ್ಬ ಹಿರಿಯ ನರ್ಸ್, ಬಾಗಿಲ ಪಕ್ಕ ನಾಲ್ಕು ಕುರ್ಚಿ ಹಿಡಿಸುವ ಒಂದು ಕೋಣೆ, ಇಷ್ಟಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಅವಕಾಶ ಮಾಡಿಕೊಡುವಂತೆ ನಮ್ಮ ಶಾಸಕರು ಕೇಳಬಹುದು.

ತಮ್ಮ ಪತ್ರಿಕೆಯಲ್ಲೊಂದು ಕೋರಿಕೆ. ಮಾರುಕಟ್ಟೆಯ ತೊಗರಿ ದರ ಅಚ್ಚಾಗುವ ಪುಟದಲ್ಲಿಯೇ ವಾರಕ್ಕೊಮ್ಮೆ, ಮೂರೂ ಜಿಲ್ಲೆಗಳ ರಕ್ತನಿಧಿ ಕೇಂದ್ರಗಳಲ್ಲಿ ಯಾವ ಗುಂಪಿನ ರಕ್ತ ಕಡಿಮೆ ಇದೆ ಎಂಬ ನಾಲ್ಕು ಸಾಲಿನ ಪಟ್ಟಿಯನ್ನು, ಕೇಂದ್ರಗಳು ತೆರೆದಿರುವ ವೇಳೆಯೊಂದಿಗೆ ಪ್ರಕಟಿಸಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ,
ಬ್ರಹ್ಮಪುರ, ಕಲಬುರಗಿ