ನಿಮ್ಮ ಹೆಸರಿನ ಸಿಮ್, ನಿಮ್ಮ ಮಕ್ಕಳ ಸಂದೇಶ: ಪೋಷಕರಿಗೆ ಪತ್ರ

ಮಾನ್ಯ ಹೆತ್ತವರಿಗೆ ಹಾಗೂ ರಕ್ಷಕರಿಗೆ ನಮಸ್ಕಾರಗಳು.

ನಮ್ಮ ತರಗತಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಕ್ಕಳ ಹೆಸರಿಲ್ಲ. ಇರುವುದು ತಾಯಂದಿರ ನಂಬರು, ಅಜ್ಜನ ನಂಬರು, ದುಬೈ, ದೋಹಾಗಳಲ್ಲಿ ದುಡಿಯುವ ತಂದೆಯ ನಂಬರು. 18 ವರ್ಷ ತುಂಬದವರಿಗೆ ಸಿಮ್ ಕೊಡುವಂತಿಲ್ಲ ಎಂಬುದು ಸರಕಾರದ ನಿಯಮ. ಹಾಗಾಗಿ ಮಕ್ಕಳು ಬಳಸುವ ಸಿಮ್ ಮನೆಯ ಹಿರಿಯರೊಬ್ಬರ ಹೆಸರಿನಲ್ಲೇ ಇರುತ್ತದೆ. ರಾತ್ರಿ ಹತ್ತು ಗಂಟೆಗೆ ಸಹಪಾಠಿಯನ್ನು ಹೀಯಾಳಿಸಿ ಹೋದ ಸಂದೇಶದ ಮೇಲೆ ಕಾಣುವುದು ನಿಮ್ಮ ನಂಬರು, ಎಷ್ಟೋ ಸಲ ನಿಮ್ಮದೇ ಭಾವಚಿತ್ರ. ಶಾಲೆಯ ಗೇಟಿನೊಳಗೆ ನಾವು ಎಷ್ಟು ಶಿಸ್ತು ಕಲಿಸಿದರೂ ಈ ಒಂದು ವಿಷಯ ಮನೆಯಲ್ಲಿ ಇತ್ಯರ್ಥವಾಗದೆ ಮುಗಿಯುವುದಿಲ್ಲ.

ಆದದ್ದು ಇಷ್ಟು. ಕೇರಳದ ಶಾಲೆಗಳು ಹೊಸ ವರ್ಷಕ್ಕೆ ತೆರೆಯುವ ಪ್ರವೇಶೋತ್ಸವದ ದಿನ ಒಬ್ಬ ವಿದ್ಯಾರ್ಥಿ ವೇದಿಕೆಯಲ್ಲಿ ಮಲಯಾಳದಲ್ಲಿ ನಾಲ್ಕು ಮಾತು ಹೇಳುವಾಗ ತಡವರಿಸಿದ. ರಕ್ಷಕರೊಬ್ಬರು ಅದರ ವಿಡಿಯೋ ತೆಗೆದು ತರಗತಿಯ ಗುಂಪಿಗೆ ಹಾಕಿದರು. ಅವರ ಉದ್ದೇಶ ಮೆಚ್ಚುಗೆಯೇ, ಅದರಲ್ಲಿ ಸಂಶಯವಿಲ್ಲ. ಆದರೆ ತಡವರಿಸಿದ ಆ ಕ್ಷಣದ ಮುಖವನ್ನು ಯಾರೋ ಕತ್ತರಿಸಿ ಸ್ಟಿಕ್ಕರ್ ಮಾಡಿದರು. ಮಕ್ಕಳೇ ಕಟ್ಟಿಕೊಂಡ ಬೇರೆ ಗುಂಪುಗಳಲ್ಲಿ ಅದು ಓಡಾಡಿತು. ಹುಡುಗ ಶಾಲೆಗೆ ಬರುವುದನ್ನೇ ನಿಲ್ಲಿಸಿದ. ಮನೆಯವರು ಹೊಟ್ಟೆನೋವು ಎಂದುಕೊಂಡಿದ್ದರು.

ನಮ್ಮದು ಕನ್ನಡ ಮಾಧ್ಯಮದ ಶಾಲೆಯಾದರೂ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಒಬ್ಬನಿಗೆ ಮಲಯಾಳ ತೊಡಕಾದರೆ ಇನ್ನೊಬ್ಬಳಿಗೆ ಕನ್ನಡದ ಒತ್ತಕ್ಷರ ತೊಡಕು. ತರಗತಿಯಲ್ಲಿ ಅದಕ್ಕೆ ಯಾರಾದರೂ ನಕ್ಕರೆ ಟೀಚರ್ ಒಮ್ಮೆ ದಿಟ್ಟಿಸಿ ನೋಡಿದರೆ ಸಾಕು, ನಗು ಅಲ್ಲಿಗೇ ನಿಲ್ಲುತ್ತದೆ. ಸ್ಟಿಕ್ಕರ್ ಹಾಗೆ ನಿಲ್ಲುವುದಿಲ್ಲ. ಕಳುಹಿಸಿದವನು ಪಶ್ಚಾತ್ತಾಪಪಟ್ಟು ಅಳಿಸಿದರೂ ಉಳಿಸಿಕೊಂಡವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ‘ತಮಾಷೆಗೆ ಮಾಡಿದ್ದು ಟೀಚರ್’ ಎಂದು ಮಕ್ಕಳು ಹೇಳಿದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನಿಸಲಿಲ್ಲ. ಎದುರಿಗಿದ್ದವನ ಮುಖ ಬಾಡಿದ್ದು ಅವರಿಗೆ ಕಾಣಿಸಿಯೇ ಇರಲಿಲ್ಲ.

ಆದ್ದರಿಂದ ಮೊದಲ ವಿನಂತಿ ದೊಡ್ಡವರಿಗೆ. ಶಾಲಾ ಕಾರ್ಯಕ್ರಮದಲ್ಲಿ ನಿಮ್ಮ ಮಗುವಿನ ಚಿತ್ರ ತೆಗೆಯಿರಿ, ಸಂತೋಷ. ಇತರರ ಮಕ್ಕಳ ಚಿತ್ರವನ್ನು ಅವರ ಹೆತ್ತವರನ್ನು ಕೇಳದೆ ಗುಂಪಿಗೂ ಸ್ಟೇಟಸ್‌ಗೂ ಹಾಕಬೇಡಿ. ಯಕ್ಷಗಾನದ ವೇಷ ಎಷ್ಟೇ ಚೆನ್ನಾಗಿರಲಿ.

ಎರಡನೆಯದು ವಯಸ್ಸು. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಕನಿಷ್ಠ 13 ವರ್ಷ ಆಗಿರಬೇಕು. ಐದು, ಆರನೆಯ ತರಗತಿಯ ಮಕ್ಕಳು ಇನ್‌ಸ್ಟಾಗ್ರಾಮ್‌ನಲ್ಲಿ ಇದ್ದಾರೆಂದರೆ ಹುಟ್ಟಿದ ವರ್ಷವನ್ನು ತಿದ್ದಿ ಒಳಗೆ ಹೋಗಿದ್ದಾರೆ. ಹದಿಹರೆಯದವರ ಖಾತೆಯನ್ನು ಖಾಸಗಿಯಾಗಿ ಇಟ್ಟು ಅಪರಿಚಿತರ ಸಂದೇಶವನ್ನು ತಡೆಯುವ ವ್ಯವಸ್ಥೆ ಅದರಲ್ಲಿದೆ. ಇಪ್ಪತ್ತು ವರ್ಷದವನೆಂದು ಬರೆದುಕೊಂಡ ಹುಡುಗನಿಗೆ ಆ ರಕ್ಷಣೆ ಸಿಗುವುದಿಲ್ಲ. 2020ರ ಜೂನ್‌ನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ‘ಫಸ್ಟ್ ಬೆಲ್’ ಎಂಬ ಟಿವಿ-ಆನ್‌ಲೈನ್ ತರಗತಿಗಳು ಆರಂಭವಾದಾಗ ಫೋನ್ ಮಕ್ಕಳ ಕೈಗೆ ಬಂತು. ತರಗತಿಗಳು ಶಾಲೆಗೆ ಮರಳಿದವು, ಫೋನ್ ಮಾತ್ರ ಕೈಯಲ್ಲೇ ಉಳಿಯಿತು.

ನಿಮ್ಮ ಮಗುವಿಗೇ ಯಾರಾದರೂ ತೊಂದರೆ ಕೊಡುತ್ತಿದ್ದರೆ ದಯವಿಟ್ಟು ಮೊದಲ ಸಿಟ್ಟಿಗೆ ಫೋನ್ ಕಸಿದುಕೊಳ್ಳಬೇಡಿ. ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿದರೆ ಮುಂದಿನ ಸಲ ಮಗು ಹೇಳುವುದಿಲ್ಲ. ಸಂದೇಶವನ್ನು ಅಳಿಸುವ ಮೊದಲು ದಿನಾಂಕ, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ತರಗತಿ ಅಧ್ಯಾಪಕರಿಗೆ ತಿಳಿಸಿ. ಆದರೆ ಮಗುವೊಂದರ ಅಶ್ಲೀಲ ಚಿತ್ರ ಬಂದಿದ್ದರೆ ಅದನ್ನು ನಮಗೂ ಕಳುಹಿಸಬೇಡಿ, ಸಂಬಂಧಿಕರಿಗೂ ಕಳುಹಿಸಬೇಡಿ. ಅಂಥದ್ದನ್ನು ರವಾನಿಸುವುದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ನಿನಡಿ ಅಪರಾಧ. ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ವಿಧಿಸಬಹುದು. ಫೋನನ್ನೇ ಹಿಡಿದುಕೊಂಡು ಬನ್ನಿ. ಮಕ್ಕಳ ಸಹಾಯವಾಣಿ 1098. ಆನ್‌ಲೈನ್‌ನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಮಳೆ ರಜೆ. ಜಿಲ್ಲಾಧಿಕಾರಿಯವರ ಹಳೆಯ ಪ್ರಕಟಣೆಯ ದಿನಾಂಕ ತಿದ್ದಿ ಹರಡುವ ಕಲೆ ನಮ್ಮ ಮಕ್ಕಳಿಗೆ ಕರಗತವಾಗಿದೆ. ಜಿಲ್ಲಾಧಿಕಾರಿಯವರ ಫೇಸ್‌ಬುಕ್ ಪುಟದಲ್ಲಿ ‘ಸಾರ್, ನಾಳೆ ರಜೆ ಕೊಡಿ’ ಎಂದು ಬೇಡುವುದರಲ್ಲಿ ತಪ್ಪೇನೂ ಇಲ್ಲ. ಚಿಕ್ಕಂದಿನಲ್ಲಿ ನಾವು ದೇವರನ್ನು ಕೇಳುತ್ತಿದ್ದೆವು. ಕೊಡದಿದ್ದಾಗ ಅಲ್ಲೇ ಬೈದು ಬರೆಯುವುದು ಸಲ್ಲದು. ರಜೆ ನಿಜವೋ ಎಂದು ಆ ಪುಟದಲ್ಲೇ ನೋಡಿ, ಇಲ್ಲವೇ ಶಾಲೆಯ ಗುಂಪಿನ ಸಂದೇಶಕ್ಕೆ ಕಾಯಿರಿ. ಸುಳ್ಳು ಸುದ್ದಿ ಗುರುತಿಸುವುದನ್ನು ಶಾಲೆಗಳ ತಂತ್ರಜ್ಞಾನ ಶಿಕ್ಷಣ ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆಯ ‘ಸತ್ಯಮೇವ ಜಯತೇ’ ತರಬೇತಿಯಲ್ಲಿ ಮಕ್ಕಳು 2022ರಿಂದಲೇ ಕಲಿತಿದ್ದಾರೆ. ಕಲಿತವರೇ ತಿದ್ದುತ್ತಿರುವುದು ನಮ್ಮ ಪಾಲಿನ ವಿಪರ್ಯಾಸ.

ಈ ವಾರದಿಂದ ರಾತ್ರಿ ಎಂಟರ ಬಳಿಕ ತರಗತಿಯ ಗುಂಪುಗಳಲ್ಲಿ ಅಧ್ಯಾಪಕರು ಮಾತ್ರ ಬರೆಯಬಹುದು. ಗಲ್ಫ್‌ನಲ್ಲಿರುವ ತಂದೆಯಂದಿರಿಗೆ ಇದರಿಂದ ಅನನುಕೂಲವೆಂದು ಬಲ್ಲೆ. ದುಬೈಯಲ್ಲಿ ಎಂಟೂವರೆ ಆಗುವಾಗ ಇಲ್ಲಿ ಹತ್ತು ಗಂಟೆ. ನೀವು ತರಗತಿ ಅಧ್ಯಾಪಕರಿಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸಿ, ಮರುದಿನ ಉತ್ತರ ಬರುತ್ತದೆ. ಸ್ಟಿಕ್ಕರ್ ಮಾಡಿದ ಮಕ್ಕಳ ಮನೆಯವರೊಡನೆ ನಾನು ಬೇರೆಯಾಗಿ ಮಾತನಾಡಿದ್ದೇನೆ. ಅವರ ಹೆಸರು ಊರಿನಲ್ಲಿ ಸುತ್ತದಿರಲಿ, ಅವರೂ ನಮ್ಮ ಮಕ್ಕಳೇ.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ರಕ್ಷಕ-ಶಿಕ್ಷಕ ಸಂಘದ ಸಭೆ ಇದೆ. ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ವಿದ್ಯಾರ್ಥಿಗಳು ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಖಾತೆಯ ವಯಸ್ಸು, ಖಾಸಗಿತನ, ಅಪರಿಚಿತರನ್ನು ತಡೆಯುವ ಕ್ರಮ ಇವನ್ನು ತೋರಿಸಿಕೊಡಲಿದ್ದಾರೆ. ಮಗು ಬಳಸುವ ಫೋನನ್ನೇ ತನ್ನಿ, ಪಾಸ್‌ವರ್ಡ್ ಕೇಳಿಕೊಂಡು ಬನ್ನಿ. ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿ ತರುವುದು ಒಳ್ಳೆಯದು, ಈ ಮಳೆಗೆ ಶಾಲೆಯಲ್ಲಿ ಕರೆಂಟಿನ ಭರವಸೆ ಇಲ್ಲ.

ಇತಿ,
ಮುಖ್ಯೋಪಾಧ್ಯಾಯಿನಿ