ಬಸವಣ್ಣನ ಹತ್ರ ಸಿಗೋಣ

ಹುಬ್ಬಳ್ಳಿಗೆ ಹೊಸಬರು ಬಂದರೆ ನಾವು ಹೇಳುತ್ತಿದ್ದದ್ದು ಒಂದೇ ಮಾತು: "ಚೆನ್ನಮ್ಮನ ಹತ್ರ ಇಳೀರಿ, ಬಂದು ಕರ್ಕೊಂಡು ಹೋಗ್ತೀವಿ." ಕಿತ್ತೂರು ಚೆನ್ನಮ್ಮ 1824ರಲ್ಲಿ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ಕಥೆ ಶಾಲೆಯಲ್ಲಿ ಕಲಿತದ್ದು ಆಮೇಲೆ. ಅದಕ್ಕೂ ಮೊದಲೇ, ಅವ್ವನ ಕೈ ಹಿಡಿದು ಬಸ್ಸು ಕಾಯುವಾಗ, ಕುದುರೆ ಮೇಲೆ ಕೂತ ಆ ರಾಣಿ ನಮ್ಮವಳಾಗಿಬಿಟ್ಟಿದ್ದಳು. ಹಾರ ಹಾಕುವುದು ವರ್ಷಕ್ಕೆ ಒಂದೆರಡು ಸಲ. ಊರಿನವರ ಬಾಯಲ್ಲಿ ಅವಳ ಹೆಸರು ಬರುವುದು ದಿನಕ್ಕೆ ನೂರು ಸಲ.

ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೂ ಅಂಥದೊಂದು ಜಾಗವಿದೆ. ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ದಂಡೆಯ ಮೇಲೆ ಬಸವಣ್ಣ ಇದ್ದಾರೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಪ್ರತಿಮೆ. ಅದರ ಹಿಂದೆ ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕನ್ನಡಿಗ ಡಾ. ನೀರಜ್ ಪಾಟೀಲರ ಶ್ರಮವಿದೆ. ನದಿಯಾಚೆ ಪಾರ್ಲಿಮೆಂಟು, ಈಚೆ ಅನುಭವ ಮಂಟಪದ ಕರ್ತೃ. ಕಳೆದ ಸಲ ಹೋದಾಗ ಸೈಕಲ್ಲಿನಲ್ಲಿ ಬಂದವನೊಬ್ಬ ಕಾಲು ಊರಿ ನಿಂತು, "ಇವರು ರಾಜರೇ?" ಎಂದು ಕೇಳಿದ. ನನ್ನ ಜೊತೆಗಿದ್ದ ಹುಡುಗಿ, ಒಂಬತ್ತು ವರ್ಷದವಳು, ನನಗಿಂತ ಮೊದಲೇ ಬಾಯಿ ತೆಗೆದಳು: "ಅಲ್ಲ, ರಾಜನ ದುಡ್ಡು ನೋಡಿಕೊಳ್ಳುತ್ತಿದ್ದವರು. ಯಾರು ಬೇಕಾದರೂ ಬಂದು ಮಾತಾಡಬಹುದು ಅಂದವರು." ಬಿಜ್ಜಳನ ಭಂಡಾರಿಯನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ನಾನು ಎಂದೂ ಹೇಳಿರಲಿಲ್ಲ.

ಆದರೂ ನಮ್ಮಲ್ಲಿ ಯಾರೂ "ಬಸವಣ್ಣನ ಹತ್ರ ಸಿಗೋಣ" ಅನ್ನುವುದಿಲ್ಲ. ಜಯಂತಿಯ ದಿನ ಹೋಗುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ, ವರ್ಷವಿಡೀ ಆ ಕಡೆ ಸುಳಿಯುವುದಿಲ್ಲ. ವಾಟರ್‌ಲೂ ನಿಲ್ದಾಣಕ್ಕೆ ಹೋಗಿ ನೋಡಿ. 2022ರಲ್ಲಿ ಅಲ್ಲಿ ನಿಂತ ವಿಂಡ್‌ರಶ್ ಸ್ಮಾರಕದಲ್ಲಿ ಗಂಡ, ಹೆಂಡತಿ, ಮಗು ಒಳ್ಳೆ ಬಟ್ಟೆ ತೊಟ್ಟು ಸೂಟ್‌ಕೇಸುಗಳ ರಾಶಿಯ ಮೇಲೆ ನಿಂತಿದ್ದಾರೆ. ವಿಂಡ್‌ರಶ್ ಎಂಬ ಹಡಗಿನಲ್ಲಿ, ಅದರ ನಂತರದ ವರ್ಷಗಳಲ್ಲಿ, ಕೆರಿಬಿಯನ್ನಿನಿಂದ ಬ್ರಿಟನ್ನಿಗೆ ಬಂದವರ ಕಥೆ ಅದು. ರೈಲಿಗೆ ಓಡುವ ಜನರ ನಡುವೆಯೇ ಇರುವುದರಿಂದ ಅದು ದಿನಾ ಕಣ್ಣಿಗೆ ಬೀಳುತ್ತದೆ. ನಮ್ಮ ಬಸವಣ್ಣನಿರುವ ಜಾಗಕ್ಕೆ ಆ ಓಡಾಟವಿಲ್ಲ. ಆ ಕೊರತೆ ನಾವೇ ತುಂಬಬೇಕು.

"ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ" ಎಂದವರಿಗೆ ಪ್ರತಿಮೆ ಯಾಕೆ ಎಂದು ಕೇಳುವ ಹಿರಿಯರು ನಮ್ಮ ಸಂಘದಲ್ಲಿದ್ದಾರೆ. ಆ ಪ್ರಶ್ನೆ ನನ್ನನ್ನೂ ಕಾಡಿದೆ. ಮಕ್ಕಳು ಅಲ್ಲಿಗೆ ನಡೆದು ಬಂದು, ಅಲ್ಲಿ ಕೂತು ಬುತ್ತಿ ಬಿಚ್ಚಿ, ಅಲ್ಲಿ ಜಗಳವಾಡಿ ರಾಜಿಯಾದರೆ ಸ್ಥಾವರಕ್ಕೂ ಒಂದಿಷ್ಟು ಜಂಗಮದ ಗುಣ ಬರುತ್ತದೆ ಎಂದು ನಾನು ನಂಬಿದ್ದೇನೆ.

ಇನ್ನೊಬ್ಬಳಿದ್ದಾಳೆ, ಅವಳನ್ನಂತೂ ನಾವು ಪೂರ್ತಿ ಮರೆತಿದ್ದೇವೆ. ಬ್ಲೂಮ್ಸ್‌ಬರಿಯ ಗೋರ್ಡನ್ ಸ್ಕ್ವೇರ್‌ನಲ್ಲಿ, ಮರಗಳ ನೆರಳಲ್ಲಿ, ನೂರ್ ಇನಾಯತ್ ಖಾನ್ ಅವರ ಕಂಚಿನ ಪ್ರತಿಮೆ 2012ರಿಂದ ಇದೆ. ಟಿಪ್ಪು ಸುಲ್ತಾನನ ವಂಶದ ಕುಡಿ ಈಕೆ. 1943ರಲ್ಲಿ ಬ್ರಿಟನ್ನಿನ ಪರವಾಗಿ ವೈರ್‌ಲೆಸ್ ಆಪರೇಟರ್ ಆಗಿ, ಹಿಟ್ಲರನ ಪಡೆ ಹಿಡಿದಿದ್ದ ಫ್ರಾನ್ಸಿಗೆ ಗುಟ್ಟಾಗಿ ಹೋದಳು. ಸಿಕ್ಕಿಬಿದ್ದರೂ ಬಾಯಿ ಬಿಡಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ದಾಖಾವ್ ಸೆರೆಶಿಬಿರದಲ್ಲಿ ಗುಂಡಿಕ್ಕಿ ಕೊಂದರು, ಆಗ ಅವಳಿಗೆ ಮೂವತ್ತು ವರ್ಷ. ಕೊನೆಯ ಮಾತು "ಲಿಬರ್ತೆ", ಸ್ವಾತಂತ್ರ್ಯ, ಎಂದು ಪ್ರತಿಮೆಯ ಪೀಠದ ಮೇಲೆ ಕೆತ್ತಿದ್ದಾರೆ. ಪಕ್ಕದ ಟ್ಯಾವಿಟನ್ ಸ್ಟ್ರೀಟಿನಲ್ಲಿ ಅವಳಿದ್ದ ಮನೆಗೆ 2020ರಲ್ಲಿ ಅವಳ ನೆನಪಿನ ನೀಲಿ ಫಲಕ ಹಾಕಿದರು. ಶ್ರೀರಂಗಪಟ್ಟಣದಲ್ಲಿ ಬೇರಿರುವ ಈ ಹೆಣ್ಣುಮಗಳ ಮುಂದೆ ನಮ್ಮ ಸಂಘ ಒಂದು ಹೂವನ್ನೂ ಇಟ್ಟಿಲ್ಲ. ಸಂಪಾದಕಿಯಾಗಿ ಈ ಪುಟಗಳಲ್ಲಿ ಇದುವರೆಗೆ ಅವಳ ಬಗ್ಗೆ ಒಂದು ಸಾಲೂ ಬರೆಯದಿದ್ದದ್ದು ನನ್ನ ತಪ್ಪು.

ಬಸವಣ್ಣನಿರುವ ದಂಡೆಯಲ್ಲೇ, ಸೇತುವೆಯಿಂದ ಮುಂದೆ ನಡೆದರೆ, ನೂರ್ ಕೆಲಸ ಮಾಡಿದ ಎಸ್.ಒ.ಇ. ಎಂಬ ಬ್ರಿಟನ್ನಿನ ಗುಪ್ತ ಸಂಸ್ಥೆಯ ಸ್ಮಾರಕವೂ ಇದೆ. ಹಾಗಾಗಿ ಈ ತಿಂಗಳ ಕೊನೆಯ ಭಾನುವಾರ ಮೂರನ್ನೂ ನೋಡಿಬರೋಣ. ಮಕ್ಕಳನ್ನು ಕರೆತನ್ನಿ, ಕೊಡೆ ಮರೆಯಬೇಡಿ, ಚಿತ್ರಾನ್ನ ನಾನು ತರುತ್ತೇನೆ. ದಾರಿ ಗೊತ್ತಿಲ್ಲದವರು ಹಿಂದಿನ ದಿನ ಫೋನ್ ಮಾಡಿ. ಬೆಳಿಗ್ಗೆ 11ಕ್ಕೆ, ಬಸವಣ್ಣನ ಹತ್ರ.