ಚಿನ್ನ ಬರೆಯಲು ಚಿನ್ನದ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ‘ನಮ್ಮ ಸಾಂಪ್ರದಾಯಿಕ ಆಭರಣಗಳು’ ಎಂಬ ಪ್ರಾಜೆಕ್ಟ್ ಕೊಡುವ ಕಾಲ ಮತ್ತೆ ಬಂದಿದೆ. ಬರುವ ಚಾರ್ಟುಗಳು ಹೆಚ್ಚೂಕಡಿಮೆ ಒಂದೇ ಥರ. ಇಂಟರ್‌ನೆಟ್ಟಿನಿಂದ ಇಳಿಸಿ ಪ್ರಿಂಟ್ ಹಾಕಿಸಿದ ಬುಗುಡಿ, ಬೋರಮಾಳ, ವಂಕಿ, ಡಾಬು. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಹೆಸರು. ಸುತ್ತಲೂ ಗ್ಲಿಟರ್ ಗೆರೆ. ಇಷ್ಟು ಮಾಡಿದ ಮಗುವಿಗೆ ಅಂಟು ಹಚ್ಚುವುದು ಬರುತ್ತದೆ, ಬೇರೇನೂ ಬರುವುದಿಲ್ಲ. ಕೆಲವು ಶಾಲೆಗಳಲ್ಲಿ ಒಡವೆಯನ್ನು ಕೈಯಲ್ಲೇ ಬರೆಸುತ್ತಾರೆ ಎನ್ನುವುದು ಸಂತೋಷ. ಆದರೆ ಅಲ್ಲೂ ಕೊನೆಗೆ ಚಿನ್ನದ ಬಣ್ಣದ ಶೀಶೆ ಹೊರಬಂದು ಮಾಡಿದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಆ ಬಣ್ಣ ಹಾಳೆಯ ಮೇಲೆ ಎಲ್ಲೆಡೆ ಒಂದೇ ಸಮ ಮಿನುಗುತ್ತದೆ. ನಿಜವಾದ ಚಿನ್ನ ಹಾಗೆ ಮಿನುಗುವುದಿಲ್ಲ. ನುಣುಪಾದ ಬಳೆಯೊಂದನ್ನು ಕಿಟಕಿಯ ಪಕ್ಕ ಇಟ್ಟು ನೋಡಿ: ಅರ್ಧಕ್ಕರ್ಧ ಕಂದು, ಕೆಲವೆಡೆ ಬಹುತೇಕ ಕಪ್ಪು, ಒಂದೆರಡು ಕಡೆ ಮಾತ್ರ ಕಣ್ಣು ಕುಕ್ಕುವ ಬಿಳಿ. ಈ ಮೂರೂ ಅಕ್ಕಪಕ್ಕದಲ್ಲಿ ಇರುವುದರಿಂದಲೇ ಅದು ಚಿನ್ನ.

ಗೆರೆ, ಬಣ್ಣ ಎರಡನ್ನೂ ಒಟ್ಟಿಗೆ ಕಲಿಸಲು ಒಡವೆಯಷ್ಟು ಒಳ್ಳೆಯ ವಸ್ತು ಸಿಗುವುದು ಕಷ್ಟ. 40 ನಿಮಿಷದ ಎಂಟು ಪೀರಿಯಡ್‌ಗಳಲ್ಲಿ ಮುಗಿಯುವ ಒಂದು ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ಪ್ರೌಢಶಾಲೆಯ ಮಕ್ಕಳಿಗೆ ಇದು ಹೊಂದುತ್ತದೆ.

ಮೊದಲ ಮಾತು, ಮಕ್ಕಳು ಚಿನ್ನವನ್ನು ಶಾಲೆಗೆ ತರಬಾರದು. ಜಾತ್ರೆಯಲ್ಲಿ ಸಿಗುವ ಗಿಲೀಟಿನ ಝುಮಕಿ, ಗಾಜಿನ ಬಳೆ, ಒಂದೆಳೆ ಕರಿಮಣಿ ಸಾಕು. ಮನೆಯ ಒಡವೆಯನ್ನು ನೋಡಿ ಬರೆಯಬೇಕೆಂದರೆ ವರಮಹಾಲಕ್ಷ್ಮಿ ಹಬ್ಬದ ಸಂಜೆ ಇದೆಯಲ್ಲ, ಅಂದು ಲಾಕರಿನಲ್ಲಿದ್ದದ್ದೂ ಹೊರಗೆ ಬಂದಿರುತ್ತದೆ. ಹಾಳೆ ಎ3 ಅಳತೆಯದು, ಗೆರೆಗೆ ಸಾದಾ ಕಾರ್ಟ್ರಿಜ್ ಹಾಳೆ, ನೀರುಬಣ್ಣಕ್ಕೆ 300 ಜಿಎಸ್‌ಎಂನ ದಪ್ಪ ಹಾಳೆ. ತೆಳು ಡ್ರಾಯಿಂಗ್ ಹಾಳೆಯಲ್ಲಿ ಎರಡನೇ ಲೇಪಕ್ಕೇ ಮೇಲ್ಮೈ ಸುಲಿದು ನೂಲುನೂಲಾಗಿ ಏಳುತ್ತದೆ. ಬೆಳಕು ಒಂದೇ ಕಡೆಯಿಂದ ಬರಬೇಕು. ತಲೆಯ ಮೇಲೆ ಎರಡು ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಪ್ರತಿ ಮಣಿಯಲ್ಲೂ ಎರಡೆರಡು ಹೊಳಪು ಕಂಡು ಮಕ್ಕಳು ದಿಕ್ಕುತಪ್ಪುತ್ತಾರೆ. ಒಡವೆ ವಿನ್ಯಾಸಕಾರರ ರೂಢಿಯಲ್ಲಿ ಬೆಳಕು ಎಡ ಮೇಲ್ಮೂಲೆಯಿಂದ 45 ಡಿಗ್ರಿಯಲ್ಲಿ ಬೀಳುತ್ತದೆ. ತರಗತಿಗೂ ಅದನ್ನೇ ಇಟ್ಟುಕೊಳ್ಳಿ, ಹಾಳೆಯ ಮೂಲೆಯಲ್ಲಿ ಒಂದು ಬಾಣ ಹಾಕಿಸಿ.

ಝುಮಕಿಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ದಾರದಲ್ಲಿ ತೂಗುಹಾಕಿ, ಐದು ಪಟ್ಟು ದೊಡ್ಡದಾಗಿ ಬರೆಸಬೇಕು. ಚಿಕ್ಕದಾಗಿ ಬರೆದರೆ ತಪ್ಪು ಕಾಣುವುದೇ ಇಲ್ಲ. ಮೊದಲು ನೆಟ್ಟಗೆ ಒಂದು ಲಂಬಗೆರೆ, ಅದರ ಮೇಲೆ ಅಡ್ಡ ಅಳತೆಗಳು. ಗುಮ್ಮಟದ ಅಂಚು ವೃತ್ತ, ಆದರೆ ಕಣ್ಣಿಗೆ ಕಾಣುವುದು ದೀರ್ಘವೃತ್ತ. ನೂರಕ್ಕೆ ತೊಂಬತ್ತು ಮಕ್ಕಳು ಅದರ ಎರಡು ತುದಿಯನ್ನೂ ಬಾದಾಮಿಯಂತೆ ಚೂಪು ಮಾಡುತ್ತಾರೆ. ತುದಿ ಎಷ್ಟೇ ಕಿರಿದಾದರೂ ಅಲ್ಲಿ ಗೆರೆ ತಿರುಗಬೇಕು, ಮುರಿಯಬಾರದು. ಇನ್ನೊಂದು: ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ದೀರ್ಘವೃತ್ತ ಅಗಲವಾಗಿ ಬಾಯಿ ತೆರೆಯುತ್ತದೆ. ಮೇಲಿನ ಪಟ್ಟಿ ಚಪ್ಪಟೆ, ಕೆಳಗಿನ ಅಂಚು ಗುಂಡಗೆ. ಎರಡನ್ನೂ ಒಂದೇ ಅಚ್ಚಿನಲ್ಲಿ ಬರೆದರೆ ಝುಮಕಿ ಟೊಪ್ಪಿಗೆಯಾಗುತ್ತದೆ.

ನಿಜವಾದ ಪರೀಕ್ಷೆ ಕೆಳ ಅಂಚಿನ ಮುತ್ತುಗಳದು. ಮಕ್ಕಳು ಅವನ್ನು ಸಮಾನ ಅಂತರದಲ್ಲಿ ಪೋಣಿಸುತ್ತಾರೆ, ಆಗ ಗುಮ್ಮಟ ರಟ್ಟಿನಂತೆ ಚಪ್ಪಟೆಯಾಗುತ್ತದೆ. ಉಪಾಯ ಸುಲಭ. ಝುಮಕಿಯ ಬುಡದಲ್ಲಿ 24 ಮುತ್ತುಗಳಿವೆ, ಚಿತ್ರದಲ್ಲಿ ಅಂಚಿನ ಅಗಲ 12 ಸೆಂ.ಮೀ. ಎಂದುಕೊಳ್ಳಿ. ಹಾಳೆಯ ಕೆಳಭಾಗದಲ್ಲಿ 6 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆದು, ಕೋನಮಾಪಕದಿಂದ 15 ಡಿಗ್ರಿಗೊಂದು ಗುರುತು ಹಾಕಿ, ಪ್ರತಿ ಗುರುತಿನಿಂದ ನೇರ ಮೇಲಕ್ಕೆ ತೆಳು ಗೆರೆ ಎತ್ತಿ ದೀರ್ಘವೃತ್ತದ ಮುಂಭಾಗಕ್ಕೆ ಮುಟ್ಟಿಸಿ. ತುದಿಯಲ್ಲಿ ಎರಡು ಗುರುತುಗಳ ನಡುವೆ ಬರೇ 2 ಮಿ.ಮೀ., ಅದರ ಪಕ್ಕದಲ್ಲಿ 6 ಮಿ.ಮೀ., ನಟ್ಟನಡುವೆ ಒಂದೂವರೆ ಸೆಂ.ಮೀ. ಬರುತ್ತದೆ. ಮುತ್ತಿನ ಗಾತ್ರ ಮಾತ್ರ ಎಲ್ಲ ಕಡೆಯೂ ಒಂದೇ. ಹಾಗಾಗಿ ತುದಿಗೆ ಹೋದಂತೆ ಒಂದು ಇನ್ನೊಂದರ ಹಿಂದೆ ಅವಿತು, ಕೊನೆಯವು ಬಿದಿಗೆ ಚಂದ್ರನಷ್ಟೇ ಕಾಣುತ್ತವೆ. ಗೆರೆ ಎತ್ತಿ ಮುಗಿಸುವ ಹೊತ್ತಿಗೆ ಹಾಳೆಯಲ್ಲಿದ್ದ ಗುಮ್ಮಟ ತಾನಾಗಿ ಉಬ್ಬಿ ಬರುತ್ತದೆ. ಗಣಿತದ ಮೇಷ್ಟ್ರನ್ನೂ ಆ ಪೀರಿಯಡ್‌ಗೆ ಕರೆದರೆ ತಪ್ಪೇನಿಲ್ಲ.

ಬಣ್ಣಕ್ಕೆ ಬರೋಣ. ಕೆಂಪು ಕಲ್ಲನ್ನು ಬರೆಯುವ ಮೊದಲು ಒಂದು ದಾಳಿಂಬೆ ಕಾಳನ್ನೂ ಒಂದು ಗುಲಗಂಜಿಯನ್ನೂ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಡಿ. ಹಿಂದೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕದ ಕಲ್ಲಾಗಿದ್ದ ಅದೇ ಗುಲಗಂಜಿ. ಅದನ್ನು ಶಿಕ್ಷಕರು ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲೇ ತೋರಿಸಬೇಕು. ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿದ್ದರೆ ಅದು ಬೇಡವೇ ಬೇಡ, ಬೆಳಕು ಹಾಯದ ಕೆಂಪು ಪ್ಲಾಸ್ಟಿಕ್ ಮಣಿ ಇಟ್ಟರಾಯಿತು. ಈಗ ಎಡಗಡೆಯ ಬೆಳಕಿನಲ್ಲಿ ನೋಡಿ. ಗುಲಗಂಜಿಯ ಎಡಭಾಗ ತಿಳಿ, ಬಲಭಾಗ ಕಪ್ಪಗೆ, ಅದರ ನೆರಳು ಬೂದು. ದಾಳಿಂಬೆಯಲ್ಲಿ ಎಲ್ಲ ತಲೆಕೆಳಗು. ಎಡ ಮೇಲ್ಗಡೆ ಸೂಜಿಮೊನೆಯಷ್ಟು ಹೊಳಪು, ಅದರ ಸುತ್ತ ಗಾಢ ಕೆಂಪು, ಬೆಳಕು ಒಳಹೊಕ್ಕು ಹೊರಡುವ ಬಲ ಕೆಳಭಾಗದಲ್ಲಿ ಬೆಂಕಿಯಂಥ ತಿಳಿಗೆಂಪು. ನೆರಳಿನ ನಡುವೆಯೂ ಗುಲಾಬಿಯ ಒಂದು ಚುಕ್ಕೆ. ಪಾರದರ್ಶಕ ಕಲ್ಲಿಗೂ ಅಪಾರದರ್ಶಕ ಕಲ್ಲಿಗೂ ಇರುವ ವ್ಯತ್ಯಾಸ ಇಷ್ಟೇ. ಇದು ಗೊತ್ತಿಲ್ಲದೆ ಮಾಣಿಕ್ಯದ ಬಲಭಾಗಕ್ಕೆ ಕಪ್ಪು ಬಳಿದರೆ ಅದು ಹವಳವಾಗುತ್ತದೆ. ನಮ್ಮ ಹಳೆಯ ಕೆಂಪಿನ ಒಡವೆಗಳಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ, ಒಳಗೆ ತೆಳ್ಳನೆಯ ಲೋಹದ ತಗಡು ಇಟ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತಾರೆ. ಆ ಒಳಗಿನ ಉರಿಯನ್ನೇ ನಾವು ಬರೆಯಬೇಕಾದದ್ದು.

ಕೆಂಪಿಗೆ ಪೋಸ್ಟರ್ ಕಲರ್ ಬೇಡ, ನೀರುಬಣ್ಣವೇ ಆಗಬೇಕು. ಕ್ರಿಮ್ಸನ್ ಲೇಕ್ ಎಂಬ ಕಡುಗೆಂಪನ್ನು ನೀರಾಗಿ ಒಂದು ಲೇಪ, ಹೊಳಪಿನ ಜಾಗ ಹಾಳೆಯ ಬಿಳಿಯಾಗೇ ಉಳಿಯಲಿ. ಪೂರ್ತಿ ಒಣಗಿದ ಮೇಲೆ ಎಡಭಾಗಕ್ಕೆ ಮಾತ್ರ ಎರಡನೆಯದು, ಅದೂ ಒಣಗಿದ ಮೇಲೆ ಹೊಳಪಿನ ಸುತ್ತ ಮೂರನೆಯದು. ಒದ್ದೆಯಿರುವಾಗಲೇ ಎರಡನೇ ಲೇಪ ಕೊಟ್ಟರೆ ಬಣ್ಣ ಹೂಕೋಸಿನ ಅಂಚಿನಂತೆ ಹರಡಿಕೊಳ್ಳುತ್ತದೆ. ಪೋಸ್ಟರ್ ಕಲರಿನಲ್ಲಿ ಹೀಗೆ ಲೇಪದ ಮೇಲೆ ಲೇಪ ಕೊಡುವುದು ಆಗದ ಮಾತು, ಕುಂಚದ ನೀರು ತಗಲಿದೊಡನೆ ಕೆಳಗಿನ ಪದರವೂ ಎದ್ದು ರಾಡಿಯಾಗುತ್ತದೆ.

ಚಿನ್ನಕ್ಕೆ ಪೋಸ್ಟರ್ ಕಲರೇ ಸರಿ. ಐದು ಮಜಲು ಮೊದಲೇ ಬೆರೆಸಿಟ್ಟುಕೊಳ್ಳಬೇಕು: ಲೆಮನ್ ಯೆಲ್ಲೋ ಚುಕ್ಕೆ ಬಿದ್ದ ಬಿಳಿ, ಬಿಳಿ ಬೆರೆತ ಯೆಲ್ಲೋ ಓಕರ್ (ಮಣ್ಣುಹಳದಿ), ಬರೀ ಯೆಲ್ಲೋ ಓಕರ್, ಬರ್ನ್ಟ್ ಸಿಯೆನಾ (ಕೆಂಗಂದು), ಕೊನೆಗೆ ಬರ್ನ್ಟ್ ಅಂಬರಿಗೆ (ಕಡುಗಂದು) ತುಸು ಅಲ್ಟ್ರಾಮರೀನ್ ನೀಲಿ. ಕಪ್ಪು ಬೇಡ. ಹಳದಿಯನ್ನು ಗಾಢ ಮಾಡಲು ಕಪ್ಪು ಬೆರೆಸಿದರೆ ಅದು ಹಸಿರಿಗೆ ತಿರುಗಿ, ಒಡವೆ ಕಿಲುಬು ಹಿಡಿದ ಹಿತ್ತಾಳೆಯಂತೆ ಕಾಣುತ್ತದೆ. ಈ ಐದನ್ನು ಹಚ್ಚುವಾಗ ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಸವರಿ ಬೆಸೆಯಲೂಬಾರದು. ಮೆರುಗು ಕೊಟ್ಟ ಲೋಹದಲ್ಲಿ ಬೆಳಕು, ಕತ್ತಲೆ ಕತ್ತರಿಸಿ ಇಟ್ಟಂತೆ ಪಕ್ಕಪಕ್ಕ ಇರುತ್ತವೆ. ಸವರಿದರೆ ಚಿನ್ನ ಹೋಗಿ ಬೆಲ್ಲದುಂಡೆ ಸಿಗುತ್ತದೆ. ಇನ್ನು ಪೋಸ್ಟರ್ ಕಲರಿನ ಗಾಢ ಬಣ್ಣಗಳು ಒಣಗಿದ ಮೇಲೆ ತುಸು ತಿಳಿಯಾಗುವ ಗುಣ ಇರುವುದರಿಂದ, ಹಚ್ಚುವ ಮೊದಲು ಬೇರೆ ಚೂರಿನ ಮೇಲೆ ಒಣಗಿಸಿ ನೋಡುವುದು ಕ್ಷೇಮ.

ಇದೇ ಓಕರ್ ಬಳಿದ ಹಾಳೆಯಿಂದ 3 ಸೆಂ.ಮೀ. ಚೌಕಗಳನ್ನು ಕತ್ತರಿಸಿ ಐದು ಹಿನ್ನೆಲೆಗಳ ಮೇಲೆ ಅಂಟಿಸಿ ನೋಡುವುದು ಒಂದು ಪೂರ್ತಿ ಪೀರಿಯಡ್ಡಿಗೆ ತಕ್ಕ ಕೆಲಸ. ಬಿಳಿ, ಹಳದಿ, ಬೂದು, ಕಡುನೇರಳೆ, ಮತ್ತೆ ಒಡವೆ ಅಂಗಡಿಯವರು ಸುತ್ತಿಕೊಡುವ ಆ ಗುಲಾಬಿ ಕಾಗದ. ಹಳದಿಯ ಮೇಲೆ ಓಕರ್ ಮಣ್ಣಾಗುತ್ತದೆ, ನೇರಳೆಯ ಮೇಲೆ ಉರಿಯುತ್ತದೆ. ಒಂದು ಬಣ್ಣ ತನ್ನ ನೆರೆಯ ಬಣ್ಣದಿಂದ ಬದಲಾದಂತೆ ಕಾಣುವ ಈ ನಿಯಮವನ್ನು 1839ರಲ್ಲಿ ವಿವರವಾಗಿ ಬರೆದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್, ಪ್ಯಾರಿಸ್ಸಿನ ಗೋಬಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದವನು. ಗುಲಾಬಿ ಕಾಗದದ ಮೇಲೆ ಬಳೆಯನ್ನೇ ಇಟ್ಟು ನೋಡಿದರೆ ಬೇರೊಂದು ಸಂಗತಿಯೂ ಕಾಣುತ್ತದೆ: ಬಳೆಯ ಕೆಳಮೈಗೆ ಗುಲಾಬಿ ಅಂಟಿಕೊಂಡಿರುತ್ತದೆ. ಅದನ್ನು ಒಂದೇ ಗೆರೆಯಲ್ಲಿ ಬಳೆಗೆ ಸೇರಿಸಿ, ಆಗ ಲೋಹ ಎಂದು ನಂಬಿಕೆ ಬರುತ್ತದೆ. ಬೆಳ್ಳಿಯದಂತೂ ಪೂರ್ತಿ ಇದೇ ಕಥೆ. ಅದಕ್ಕೆ ತನ್ನದೇ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ, ಉಟ್ಟ ಸೀರೆಯ ಬಣ್ಣವೇ ಕಾಲ್ಗೆಜ್ಜೆಯ ಬಣ್ಣ.

ಮುತ್ತು ಬಿಳಿಯಲ್ಲ. ಬೂದು ಹಾಳೆಯ ಮೇಲೆ ಬರೆದರೆ ಅರ್ಧ ಕೆಲಸ ಹಾಳೆಯೇ ಮಾಡಿಕೊಡುತ್ತದೆ. ನೆರಳಿನ ಪಟ್ಟಿ ಅಂಚಿನಲ್ಲಿ ಬರುವುದಿಲ್ಲ, ಅಂಚಿಗಿಂತ ತುಸು ಒಳಗೆ ಬರುತ್ತದೆ. ಅಂಚಿನಲ್ಲಿ ಕೆಳಗಿನಿಂದ ಪುಟಿದ ಬೆಳಕಿರುತ್ತದೆ. ಸುತ್ತ ಕಪ್ಪು ಗೆರೆ ಎಳೆದರೆ ಅದು ಸಬ್ಬಕ್ಕಿ.

ಬಣ್ಣಚಕ್ರ ಕಲಿಸಲು ಬೇರೆ ಚಾರ್ಟ್ ಬೇಕಿಲ್ಲ, ನವರತ್ನದ ಉಂಗುರ ಸಾಕು. 4 ಸೆಂ.ಮೀ.ನ ಒಂಬತ್ತು ಚೌಕಗಳಲ್ಲಿ ಒಂಬತ್ತು ಕಲ್ಲಿನ ಬಣ್ಣ ಬೆರೆಸಲು ಹೇಳಿ. ಮಾಣಿಕ್ಯ, ಹವಳ ಎರಡನ್ನೂ ಕೆಂಪು ಎನ್ನುತ್ತೇವೆ. ಮೊದಲನೆಯದು ನೀಲಿಯ ಕಡೆ ವಾಲಿದ್ದು, ಎರಡನೆಯದು ಕಿತ್ತಳೆಯ ಕಡೆ. ಪುಷ್ಯರಾಗದ ಹಳದಿಗೆ ಕಂದು ಬೆರೆಸುತ್ತ ಹೋದರೆ ಗೋಮೇಧಿಕದ ಜೇನುಬಣ್ಣ. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಬಹುಮಟ್ಟಿಗೆ ಕಾರಣ ಒಂದೇ ಧಾತು, ಕ್ರೋಮಿಯಂ ಎಂದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಕೆಂಪು ಹಸಿರನ್ನು ಮಾತ್ರ ಒಂದಕ್ಕೊಂದು ತಾಗಿಸಿ ಹಚ್ಚಬೇಡಿ, ಅಂಚು ಕಣ್ಣಿಗೆ ಅದುರುತ್ತದೆ. ನಡುವೆ 2 ಮಿ.ಮೀ. ಓಕರ್ ಬಿಡಿ. ಅಕ್ಕಸಾಲಿಗರು ಎರಡು ಕಲ್ಲಿನ ನಡುವೆ ಚಿನ್ನದ ಕಟ್ಟು ಬಿಡುವುದು ಕಲ್ಲು ಹಿಡಿದಿಡಲು. ಕಣ್ಣಿಗೂ ಅದು ತಂಪು ಎನ್ನುವುದು ಬಿಟ್ಟಿ ಲಾಭ.

ಬಣ್ಣವೇ ಇಲ್ಲದ ಒಡವೆ ನೋಡಬೇಕೆಂದರೆ ಬೇಲೂರಿದೆ. 1117ರ ಚೆನ್ನಕೇಶವ ದೇಗುಲದ ಮದನಿಕೆಯರ ಹಾರ, ಡಾಬು, ತೋಳ್ಬಂದಿಗಳ ಫೋಟೊ ಇಟ್ಟುಕೊಂಡು ಬರೀ ಪೆನ್ಸಿಲಿನಲ್ಲಿ ಒಂದು ಪೀರಿಯಡ್ ಕೊಡಿ. ಹಾರದ ಅಡಿಯಲ್ಲಿ ಕಲ್ಲನ್ನು ಒಳಕ್ಕೆ ಕೊರೆದಿರುವುದರಿಂದ ಅಲ್ಲಿ ನೆರಳು ಗಟ್ಟಿ ಕಪ್ಪು. ಬೆಳಕಿನ ಕಡೆಯ ಗೆರೆ ಎಚ್‌ಬಿ, ನೆರಳಿನ ಕಡೆಯದು 4ಬಿ. ಬೇರೆ ಶೇಡಿಂಗ್ ಬೇಡವೇ ಬೇಡ. ಬಣ್ಣ ಮತ್ತೆ ಮತ್ತೆ ಮರಳುವ ತಾಳ ಕಲಿಯಲು ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಮಣಿಸರಗಳಿಗಿಂತ ಒಳ್ಳೆಯದಿಲ್ಲ. 2021ರಲ್ಲಿ ಬರಿಗಾಲಲ್ಲೇ ಪದ್ಮಶ್ರೀ ಪಡೆದ, ಅದೇ ಸಮುದಾಯದ ತುಳಸಿ ಗೌಡರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆ ಕೊರಳಿನ ಸರಗಳಲ್ಲಿ ಯಾವ ಬಣ್ಣ ಎಷ್ಟು ಮಣಿಗೊಮ್ಮೆ ಮರಳುತ್ತದೆ ಎಂದು ಎಣಿಸಿ, ಚೌಕುಳಿ ಹಾಳೆಯಲ್ಲಿ ತುಂಬಿಸಬಹುದು. ಯಾರ ಒಡವೆ, ಯಾವ ಊರಿನದು ಎಂಬುದನ್ನು ಹಾಳೆಯ ಕೆಳಗೆ ಬರೆಯಲೇಬೇಕು.

ಸಮಯ ಉಳಿದರೆ ಮೈಸೂರು ಚಿತ್ರಕಲೆಯ ಉಬ್ಬು ಕೆಲಸ. ಸಾಂಪ್ರದಾಯಿಕ ಮಿಶ್ರಣದಲ್ಲಿ ಸೀಸದ ಬಿಳಿ ಇರುತ್ತಿತ್ತು. ಅದು ವಿಷ, ಮಕ್ಕಳ ಕೈಗೆ ಸಲ್ಲದು. ಮೂರು ಚಮಚ ನುಣ್ಣನೆ ಚಾಕ್ ಪುಡಿ, ಒಂದು ಚಮಚ ಫೆವಿಕಾಲ್, ಟೂತ್‌ಪೇಸ್ಟಿನ ಹದಕ್ಕೆ ಬರುವಷ್ಟು ಹನಿ ನೀರು. ಮೆಹಂದಿ ಕೋನಿನಲ್ಲಿ ತುಂಬಿ ಗೆರೆಯ ಮೇಲೆ ಒತ್ತುವುದು. ಒಂದು ಸಲಕ್ಕೆ 1 ಮಿ.ಮೀ.ಗಿಂತ ದಪ್ಪ ಹಾಕಿದರೆ ಬಿರುಕು ಖಂಡಿತ. ಬಿಸಿಲಿಗಿಟ್ಟರೂ ಅಷ್ಟೇ, ಮೇಲ್ಪದರ ಮೊದಲು ಒಣಗಿ ಒಳಗಿನದು ಕುಗ್ಗುವಾಗ ಸೀಳುತ್ತದೆ. ನೆರಳಲ್ಲಿ ಒಣಗಲಿ, ಮಾರನೆಯ ದಿನ ಇನ್ನೊಂದು ಪದರ. ರಟ್ಟು ಬಾಗದಂತೆ ಹಿಂಬದಿಗೂ ಒಂದು ಹಾಳೆ ಅಂಟಿಸಿರಬೇಕು. ಮೇಲೆ ಓಕರ್ ಹಚ್ಚಿ ವಾರ್ನಿಷ್ ಕೊಟ್ಟರೆ ಕೋಣೆಯ ಬೆಳಕೇ ಹೊಳಪು ತರುತ್ತದೆ. ಇಲ್ಲೂ ಚಿನ್ನದ ಶೀಶೆ ಬೇಕಾಗಲಿಲ್ಲ ನೋಡಿ.

ಅಂಕ ಕೊಡುವವರಲ್ಲಿ, ಸ್ಪರ್ಧೆಗಳ ತೀರ್ಪುಗಾರರಲ್ಲಿ ನಮ್ಮ ಕೋರಿಕೆ ಒಂದೇ. ಕೊನೆಯ ಚಿತ್ರದ ಜೊತೆಗೆ ಅರ್ಧವೃತ್ತದ ಗುರುತುಗಳಿರುವ ಹಾಳೆ, ಬಣ್ಣ ಬೆರೆಸಿ ನೋಡಿದ ಚೂರುಗಳನ್ನೂ ಕೇಳಿ ಪಡೆಯಿರಿ. ಅಪ್ಪ ಅಮ್ಮ ಮಾಡಿಕೊಟ್ಟ ಪ್ರಾಜೆಕ್ಟಿನಲ್ಲಿ ಅವು ಇರುವುದಿಲ್ಲ. ತಮ್ಮಲ್ಲೂ ಒಂದು ವಿನಂತಿ ಇದೆ, ಸಂಪಾದಕರೇ. ಮಕ್ಕಳ ಪುಟದಲ್ಲಿ ‘ಬಣ್ಣ ತುಂಬಿ’ ಎಂದು ಒಡವೆಯ ಹೊರಗೆರೆ ಅಚ್ಚು ಹಾಕುವಾಗ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಕ್ಕೆ ಎಡ ಮೇಲ್ಮೂಲೆಯಲ್ಲಿ ಒಂದು ಪುಟ್ಟ ಬಾಣವನ್ನೂ ಹಾಕಿಸಿ.

– ಚಿತ್ರಕಲಾ ಶಿಕ್ಷಕರು, ಧಾರವಾಡ